ಬಣ್ಣಕ್ಕಿಂತ ಮೊದಲು ಹೋಗುವುದು ಘಮ

(ಸೊಪ್ಪು ಬೆಳೆಯುವವರು, ಮಾರುವವರು, ಅಡುಗೆ ಮಾಡುವವರು ಒಟ್ಟಿಗೆ ಕೂತಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಕೆಲವನ್ನು ಹಿಂದೆ ಮುಂದೆ ಮಾಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡೋಣ. ಈ ಮೇಜಿನ ಮೇಲೆ ಎರಡು ಸಿವುಡು ಕೊತ್ತಂಬರಿ ಸೊಪ್ಪು ಇದೆ. ಎರಡೂ ಹಸಿರಾಗಿವೆ, ಎರಡರ ಎಲೆಯೂ ಬಾಡಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕ, ದಯವಿಟ್ಟು ನೀವು ಬನ್ನಿ. ಕಣ್ಣು ಮುಚ್ಚಿಕೊಂಡು, ಒಂದೊಂದರಿಂದ ಎರಡು ಎಲೆ ಕಿತ್ತು ಬೆರಳಿನಲ್ಲಿ ಹೊಸಕಿ ಮೂಸಿ ನೋಡಿ.

ಅವರು ಮೊದಲನೆಯದನ್ನು ಮೂಸಿ ಸುಮ್ಮನಿದ್ದರು. ಎರಡನೆಯದನ್ನು ಮೂಗಿನ ಹತ್ತಿರ ತರುತ್ತಲೇ ‘ಇದು ಇವತ್ತಿನದು’ ಎಂದರು. ಮತ್ತೆ ಮೊದಲನೆಯದಕ್ಕೆ ಬಂದು, ‘ಇದರಲ್ಲಿ ಬರೀ ಹುಲ್ಲಿನ ವಾಸನೆ ಇದೆ’ ಎಂದರು.

ಅವರ ಮೂಗು ಸರಿಯಾಗಿಯೇ ಹೇಳಿತು. ಮೊದಲನೆಯ ಸಿವುಡು ಹದಿನೈದು ದಿನ ನಮ್ಮ ಮನೆಯ ಫ್ರಿಜ್ಜಿನಲ್ಲಿ ಇದ್ದದ್ದು. ಎರಡನೆಯದನ್ನು ಈ ದಿನ ಬೆಳಗ್ಗೆ ಸಂತೆಯಲ್ಲಿ ಕೊಂಡೆ. ಕಣ್ಣಿಗೆ ಎರಡೂ ಒಂದೇ. ನಾನು ಇಲ್ಲಿಗೆ ಬಂದದ್ದು ಈ ಒಂದು ಮಾತು ಹೇಳುವುದಕ್ಕೆ: ಸೊಪ್ಪು ಕೆಟ್ಟಿತು ಎಂದು ನಮಗೆ ಕಣ್ಣು ಹೇಳುವ ಹೊತ್ತಿಗೆ ಅದರ ಘಮ ಹೋಗಿ ಬಹಳ ದಿನ ಆಗಿರುತ್ತದೆ. ಪಾಲಕ್, ದಂಟು, ಹರಿವೆಗಳ ಮಾತು ಬೇರೆ. ಅವನ್ನು ನಾವು ಹೊಟ್ಟೆ ತುಂಬಲು ತಿನ್ನುತ್ತೇವೆ. ಕೊತ್ತಂಬರಿ, ಪುದೀನ, ಕರಿಬೇವು, ಸಬ್ಬಸಿಗೆ ಇವನ್ನು ಕೊಳ್ಳುವುದೇ ಘಮಕ್ಕೆ. ಸಾರು ಇಳಿಸಿದ ಮೇಲೆ ಮೇಲಿಂದ ಉದುರಿಸುವ ಒಂದು ಹಿಡಿ ಸೊಪ್ಪಿನಿಂದ ಯಾರ ಹಸಿವೂ ತೀರುವುದಿಲ್ಲ. ಅದರಲ್ಲಿ ಘಮವೇ ಇಲ್ಲದಿದ್ದರೆ ಬೆಳೆದವರ ಶ್ರಮ, ಕೊಂಡವರ ದುಡ್ಡು ಎರಡೂ ನೀರಿಗೆ ಹಾಕಿದಂತೆ.

ಕೊತ್ತಂಬರಿ ಎಲೆಯ ಘಮ ಬಹುಪಾಲು ಆಲ್ಡಿಹೈಡ್ ಎಂಬ ಗುಂಪಿನ ವಸ್ತುಗಳಿಂದ ಬರುತ್ತದೆ. ಒಣಗಿದ ಕೊತ್ತಂಬರಿ ಬೀಜದ ಘಮವೇ ಬೇರೆ, ಅದರಲ್ಲಿ ಮುಖ್ಯವಾದದ್ದು ಲಿನಲೂಲ್. ಒಂದೇ ಗಿಡದ ಎಲೆಗೂ ಬೀಜಕ್ಕೂ ವಾಸನೆ ಹೊಂದದಿರುವುದು ಅದಕ್ಕೇ. ಎಲೆಯ ಈ ವಸ್ತುಗಳು ಸಣ್ಣ ಸಣ್ಣ ಎಣ್ಣೆನಾಳಗಳಲ್ಲಿ ಇರುತ್ತವೆ. ಎಲೆ ಜಜ್ಜಿದರೆ ನಾಳ ಒಡೆದು ಘಮ ಗಾಳಿಗೆ ಹೋಗುತ್ತದೆ. ಒಲೆಯ ಮೇಲೆ ಒಡೆದರೆ ಅದು ನಮಗೆ ಬೇಕಾದದ್ದು. ಟೆಂಪೊದಲ್ಲಿ, ಚೀಲದ ಅಡಿಯಲ್ಲಿ ಒಡೆದರೆ ನಷ್ಟ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವವಿರುವ ಗಾಳಿಯಲ್ಲಿ ಇಟ್ಟರೆ ಕೊತ್ತಂಬರಿ ಸುಮಾರು ಮೂರು ವಾರ ಹಸಿರಾಗಿರುತ್ತದೆ. 5 ಡಿಗ್ರಿಯಲ್ಲಿ ಎರಡು ವಾರ, 7.5 ಡಿಗ್ರಿಯಲ್ಲಿ ಒಂದು ವಾರ. ಇದು ನೋಟದ ಲೆಕ್ಕ. ಸೊನ್ನೆ ಡಿಗ್ರಿಯ ಸೊಪ್ಪಿನಲ್ಲೂ ಎರಡು ವಾರ ಕಳೆಯುವಷ್ಟರಲ್ಲಿ ಘಮ ಇಳಿದಿರುತ್ತದೆ.

ಹಾಗಾದರೆ ಎಲೆಯೊಳಗೆ ನಡೆಯುವುದೇನು? ಸೊಪ್ಪು ಕಿತ್ತ ಕೂಡಲೇ ಸಾಯುವುದಿಲ್ಲ. ಬೇರು ಮಣ್ಣು ಬಿಟ್ಟಿದೆ, ನೀರು ಬರುವುದು ನಿಂತಿದೆ, ಆದರೂ ಎಲೆ ಉಸಿರಾಡುತ್ತಲೇ ಇರುತ್ತದೆ. ಬಿಸಿಲಿನಲ್ಲಿ ತಾನೇ ಮಾಡಿಟ್ಟುಕೊಂಡ ಸಕ್ಕರೆಯನ್ನು ಕರಗಿಸುತ್ತ, ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ಶಾಖ ಈ ಮೂರನ್ನು ಹೊರಗೆ ಬಿಡುತ್ತದೆ. ದುಡಿಮೆ ನಿಂತ ಮೇಲೆ ಗಂಟಿನಲ್ಲಿದ್ದದ್ದನ್ನು ತೆಗೆದು ತಿನ್ನುವ ಸಂಸಾರದ ಹಾಗೆ. ಖರ್ಚು ಹೇಗೆ ಮಾಡುತ್ತದೆ ಎಂಬುದರ ಮೇಲೆ ಗಂಟು ಎಷ್ಟು ದಿನ ಬರುತ್ತದೆ ಎಂಬುದು ನಿಂತಿದೆ, ಮತ್ತು ಆ ಖರ್ಚನ್ನು ನಿರ್ಧರಿಸುವುದು ಶಾಖ. ಪ್ರತಿ 10 ಡಿಗ್ರಿ ಏರಿದಾಗ ಉಸಿರಾಟ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. 10 ಡಿಗ್ರಿಯ ಸೊಪ್ಪಿಗೂ 30 ಡಿಗ್ರಿಯ ಸೊಪ್ಪಿಗೂ ನಾಲ್ಕರಿಂದ ಒಂಬತ್ತು ಪಟ್ಟು ಅಂತರ. ಕಿತ್ತ ಮೇಲೆ ಬದುವಿನ ಮೇಲೆ ಎರಡು ಗಂಟೆ ಬಿಸಿಲು ಕಾದ ಸಿವುಡು, ತಂಪಿನಲ್ಲಿ ಒಂದು ಹಗಲು ಬದುಕುವಷ್ಟು ಆಯಸ್ಸನ್ನು ಅಲ್ಲೇ ಕಳೆದುಕೊಂಡಿರುತ್ತದೆ. ಆಮೇಲೆ ಯಾವ ಫ್ರಿಜ್ಜಿನಲ್ಲಿ ಇಟ್ಟರೂ ಅದು ಮರಳಿ ಬರುವುದಿಲ್ಲ.

ಬೆಳೆಗಾರರಲ್ಲಿ ನಾನು ಕೈಮುಗಿದು ಕೇಳುವುದು ಇಷ್ಟೇ: ನೆರಳು ಕೊಡಿ. ನಾಲ್ಕು ಗೂಟ ನೆಟ್ಟು, ಮೇಲೆ ತೆಂಗಿನ ಗರಿಯೋ ಹಸಿರು ನೆಟ್ಟೋ ಹೊದಿಸಿ, ಕಿತ್ತದ್ದನ್ನು ಕಿತ್ತ ಹಾಗೆ ಅದರ ಕೆಳಗೆ ಸೇರಿಸಿ. ಸೊಪ್ಪಿನ ವಿಷಯದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಕೆಲಸ ಇದೇ. ಆದರೂ ಹತ್ತು ಹೊಲ ಸುತ್ತಿದರೆ ಎಂಟರಲ್ಲಿ ಸಿವುಡುಗಳು ಬಯಲಿನಲ್ಲೇ ಬಿದ್ದಿರುವುದನ್ನು ನಾನು ನೋಡಿದ್ದೇನೆ.

ಸೊಪ್ಪು ಬಿಡುವ ಶಾಖವನ್ನು ಯಂತ್ರವಿಲ್ಲದೆ ಅಳೆಯಬೇಕೆಂದರೆ ಮಂಡಿಗೆ ಹೋಗಿ, ಎತ್ತರದ ರಾಶಿಯೊಂದರ ನಡುವೆ ಮೊಣಕೈವರೆಗೆ ಕೈ ತೂರಿಸಿ. ಮೇಲೆ ತಣ್ಣಗಿರುತ್ತದೆ, ಒಳಗೆ ಬೆಚ್ಚಗಿರುತ್ತದೆ. ಹಸಿ ಹುಲ್ಲಿನ ಬಣವೆ ಕಾಯುವುದೂ ಇದೇ ಕಾರಣಕ್ಕೆ. ಶಾಖ ಹೊರಗೆ ಹೋಗಲು ದಾರಿ ಸಿಗದಿದ್ದರೆ ಸೊಪ್ಪು ಇನ್ನೂ ಬಿರುಸಾಗಿ ಉಸಿರಾಡುತ್ತದೆ, ಇನ್ನೂ ಕಾಯುತ್ತದೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಕಾಲೇಜು ಬಿಟ್ಟ ಹೊಸದರಲ್ಲಿ, ಮಳೆಗಾಲದ ಒಂದು ದಿನ, ನಮ್ಮ ಅರ್ಧ ಎಕರೆಯ ಕೊತ್ತಂಬರಿಯನ್ನು ಮಾರುಕಟ್ಟೆಗೆ ಕಳಿಸುವ ಹೊಣೆ ನನ್ನದಾಗಿತ್ತು. ಮಳೆಯಲ್ಲಿ ನೆನೆದ ಸೊಪ್ಪನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಗಳಲ್ಲಿ ತುಳಿದು ತುಂಬಿ, ಗಾಳಿ ಹೋಗದಂತೆ ಬಾಯಿ ಬಿಗಿದೆ. ಭದ್ರವಾಗಿ ಕಟ್ಟಿದರೆ ಚೆನ್ನಾಗಿರುತ್ತದೆ ಎಂದು ನಂಬಿದ್ದೆ. ಟೆಂಪೊ ಬರುವುದು ತಡವಾಯಿತು. ಬೆಳಗಿನ ಜಾವ ಚೀಲದ ಬಾಯಿ ಬಿಚ್ಚಿದಾಗ, ಅನ್ನ ಬಸಿಯುವಾಗ ಏಳುವಂತೆ ಆವಿ ಎದ್ದಿತು. ಅಂಚಿನ ಸಿವುಡುಗಳು ಚೆನ್ನಾಗಿದ್ದವು. ನಡುವಿನವು ಬೆಂದ ಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು, ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತಿತ್ತು. ಅಪ್ಪ ಬೈಯಲಿಲ್ಲ. ನೆಲದ ಮೇಲೆ ಗೋಣಿತಾಟು ಹಾಸಿ ಕೂತು, ಒಂದೊಂದೇ ಸಿವುಡು ಬಿಚ್ಚಿ, ಉಳಿದ ಒಳ್ಳೆಯ ಕಡ್ಡಿಗಳನ್ನು ಆರಿಸಿ ಬಾಳೆನಾರಿನಿಂದ ಮತ್ತೆ ಕಟ್ಟಿದರು. ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ವ್ಯಾಪಾರದ ಹೊತ್ತು ಮುಗಿದಿತ್ತು. ಅವರ ಪಕ್ಕ ಕೂತು ನಾರು ಸೀಳಿ ಕೊಡುತ್ತಿದ್ದ ನನಗೆ ಆ ಲೋಳೆಯ ವಾಸನೆ ಇವತ್ತಿಗೂ ನೆನಪಿದೆ.

ಅಂದು ನಾನು ಮಾಡಿದ ತಪ್ಪುಗಳು ಮೂರು: ನೆನೆದ ಸೊಪ್ಪು ತುಂಬಿದ್ದು, ತುಳಿದದ್ದು, ಗಾಳಿ ಕಟ್ಟಿದ್ದು. ತಂಪು ಇಲ್ಲದ ಕಡೆ ಬಿಗಿದ ಪ್ಲಾಸ್ಟಿಕ್ ಚೀಲ ಸೊಪ್ಪಿನ ಶತ್ರು. ತೂತುಗಳಿರುವ ಕ್ರೇಟು, ಬಿದಿರಿನ ಮಂಕರಿ, ಒದ್ದೆ ಗೋಣಿ, ಇವೆಲ್ಲ ಅದಕ್ಕಿಂತ ಎಷ್ಟೋ ಮೇಲು. ಮಂಕರಿಯಲ್ಲಿ ಸಿವುಡುಗಳನ್ನು ಬೇರು ಹೊರಗೆ, ಎಲೆ ಒಳಗೆ ಮಾಡಿ ಸುತ್ತಲೂ ಜೋಡಿಸಿ ನಡುವೆ ಟೊಳ್ಳು ಬಿಡುವ ಹಳೆಯ ಪದ್ಧತಿ ಇದೆಯಲ್ಲ, ಅದು ಚೆಂದಕ್ಕೆ ಮಾಡಿದ್ದಲ್ಲ. ಆ ಟೊಳ್ಳಿನಿಂದ ಶಾಖ ಮೇಲೇರಿ ಹೋಗುತ್ತದೆ. ಗೊಬ್ಬರದ ಖಾಲಿ ಚೀಲವನ್ನಂತೂ ಯಾವ ಕಾರಣಕ್ಕೂ ಬಳಸಬೇಡಿ. ಜನ ಹಸಿಯಾಗಿ ತಿನ್ನುವ ವಸ್ತು ಇದು.

ಇನ್ನು ನೀರಿನ ವಿಷಯ. ಇಲ್ಲಿ ಗೊಂದಲ ಹೆಚ್ಚು. ಮಾರುವವರು ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾರೆ, ನಾನು ನೋಡಿದರೆ ಒದ್ದೆ ಸೊಪ್ಪು ಇಡಬೇಡಿ ಎನ್ನುತ್ತೇನೆ. ಯಾವುದು ಸರಿ? ಎರಡೂ ಸರಿ. ಬಯಲಲ್ಲಿ, ಗಾಳಿಯಲ್ಲಿ ಇಟ್ಟ ಸೊಪ್ಪಿನಿಂದ ನೀರು ಸತತವಾಗಿ ಆರಿಹೋಗುತ್ತದೆ. ತನ್ನ ತೂಕದಲ್ಲಿ ನೂರಕ್ಕೆ ಐದರಷ್ಟು ನೀರು ಕಳೆದುಕೊಂಡರೆ ಸಾಕು, ತೆಳು ಎಲೆ ಜೋತುಬೀಳುತ್ತದೆ. ಅಲ್ಲಿ ಚಿಮುಕಿಸಿದ ನೀರು ಆರುತ್ತ ಎಲೆಯನ್ನು ತಂಪಾಗಿಸುತ್ತದೆ. ಅದೇ ನೀರು ಮುಚ್ಚಿದ ಡಬ್ಬಿಯಲ್ಲಿ, ಚೀಲದಲ್ಲಿ ಆರಲು ದಾರಿಯಿಲ್ಲದೆ ಎಲೆಗಳ ನಡುವೆ ನಿಂತರೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಸುತ್ತಲಿನ ಗಾಳಿಯಲ್ಲಿ ತೇವ ಇರಬೇಕು, ಎಲೆಯ ಮೈಮೇಲೆ ಹನಿ ಇರಬಾರದು. ಚಿಮುಕಿಸುವ ನೀರು, ಬೇರಿನ ಮಣ್ಣು ತೊಳೆಯುವ ನೀರು ಕುಡಿಯಲು ಯೋಗ್ಯವಾದದ್ದೇ ಆಗಿರಲಿ. ಚರಂಡಿ ಸೇರುವ ಕೆರೆಯ ನೀರಿನಲ್ಲಿ ಅದ್ದಿ ತೆಗೆದ ಸೊಪ್ಪು ಎಷ್ಟು ಹೊಳೆದರೂ ಅದನ್ನು ಒಳ್ಳೆಯ ಸೊಪ್ಪು ಎಂದು ನಾನು ಒಪ್ಪುವುದಿಲ್ಲ.

ಯಾವ ಹೊತ್ತಿನಲ್ಲಿ ಕೀಳಬೇಕು? ಬೆಳಗಿನ ಜಾವ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಬಹಳ ವರ್ಷ ಹಾಗೇ ಹೇಳಿದೆ. ಆ ಹೊತ್ತಿಗೆ ಎಲೆ ತಣ್ಣಗಿರುತ್ತದೆ, ನೀರು ತುಂಬಿ ಗರಿಗರಿಯಾಗಿರುತ್ತದೆ ಎಂಬುದು ನಿಜ. ಆದರೆ 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನ್ನ ಅಭಿಪ್ರಾಯ ಬದಲಿಸಿತು. ನಮ್ಮ ಕಾಮಕಸ್ತೂರಿಯ ಜಾತಿಯದೇ ಆದ ಬೇಸಿಲ್ ಸೊಪ್ಪನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕಿತ್ತು ನೋಡಿದಾಗ, ಸಂಜೆ ಆರಕ್ಕೆ ಮತ್ತು ರಾತ್ರಿ ಹತ್ತಕ್ಕೆ ಕಿತ್ತದ್ದು, ನಡುರಾತ್ರಿಯ ನಂತರ ಮತ್ತು ಬೆಳಗ್ಗೆ ಆರಕ್ಕೆ ಕಿತ್ತದ್ದಕ್ಕಿಂತ ಗಣನೀಯವಾಗಿ ಹೆಚ್ಚು ದಿನ ಉಳಿಯಿತು. ಇದಕ್ಕೆ ನನಗೆ ಒಪ್ಪುವ ವಿವರಣೆ ಎಂದರೆ ಹಗಲೆಲ್ಲ ಬಿಸಿಲು ಕುಡಿದ ಎಲೆಯ ಗಂಟಿನಲ್ಲಿ ಸಕ್ಕರೆ ತುಂಬಿರುತ್ತದೆ, ಬೆಳಗಿನ ಎಲೆ ರಾತ್ರಿಯೆಲ್ಲ ಅದನ್ನು ಖರ್ಚು ಮಾಡಿರುತ್ತದೆ ಎಂಬುದು. ಬೆಂಗಳೂರಿನ ಸುತ್ತಲಿನ ಬೆಳೆಗಾರರು ಸಂಜೆ ಕಿತ್ತು ರಾತ್ರಿಯೇ ಕೆ.ಆರ್. ಮಾರುಕಟ್ಟೆಗೆ ಹೊರಡುವುದು ಬೆಳಕು ಹರಿಯುವ ಮೊದಲಿನ ವ್ಯಾಪಾರಕ್ಕಾಗಿ. ಆದರೂ ಆ ರೂಢಿ ಸೊಪ್ಪಿಗೆ ಕೆಟ್ಟದ್ದಲ್ಲ. ಬಿಸಿಲು ಇಳಿದ ಮೇಲೆ ಕಿತ್ತು, ರಾತ್ರಿಯ ತಂಪಿನಲ್ಲಿ ಸಾಗಿಸುವುದಾದರೆ ಸಂಜೆಯ ಕೀಳುವಿಕೆಯೇ ನನ್ನ ಆಯ್ಕೆ. ಹಗಲಲ್ಲಿ ಸಾಗಿಸಲೇಬೇಕಾದರೆ ಮಾತ್ರ ಬೆಳಗಿನ ಜಾವ ಕೀಳಿ. ನಡುಮಧ್ಯಾಹ್ನದ ಮಾತು ಬೇಡವೇ ಬೇಡ.

ಕರೆಂಟಿಲ್ಲದ ಕಡೆ ತಂಪು ಎಲ್ಲಿಂದ ತರುವುದು ಎಂದು ಹಿಂದಿನ ಸಾಲಿನವರು ಆಗಲೇ ಕೇಳುತ್ತಿದ್ದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಸುಶಾಂತ ರಾಯ್ ಮತ್ತು ಡಿ.ಎಸ್. ಖುರ್ದಿಯಾ ಅವರು ಇಟ್ಟಿಗೆ, ಮರಳು, ನೀರು ಇಷ್ಟರಲ್ಲೇ ಒಂದು ತಂಪಿನ ಕೋಣೆ ಮಾಡಿ ತೋರಿಸಿದರು. ಕೋಣೆ ಎಂದರೆ ದೊಡ್ಡದಲ್ಲ, ಸೊಂಟದಷ್ಟೂ ಎತ್ತರವಿಲ್ಲದ ತೊಟ್ಟಿ. ನೆರಳಿರುವ, ಗಾಳಿ ಆಡುವ ಕಡೆ ನೆಲಕ್ಕೆ ಒಂದು ಸಾಲು ಇಟ್ಟಿಗೆ ಹಾಸಿ, ಅದರ ಮೇಲೆ ಎರಡು ಗೋಡೆಗಳನ್ನು ಒಂದರೊಳಗೆ ಒಂದು ಬರುವಂತೆ ಏಳಿಸಬೇಕು. ಎರಡರ ನಡುವೆ ಏಳೂವರೆ ಸೆಂಟಿಮೀಟರ್ ಜಾಗ ಬಿಟ್ಟು ಅದಕ್ಕೆ ಹೊಳೆಮರಳು ತುಂಬಬೇಕು. ಮರಳಿಗೂ ಇಟ್ಟಿಗೆಗೂ ಬೆಳಗ್ಗೆ ಸಂಜೆ ನೀರುಣಿಸಿ, ಮೇಲೆ ಬಿದಿರು ಮತ್ತು ಹುಲ್ಲಿನ ಮುಚ್ಚಳ ಹಾಕಿದರೆ ಮುಗಿಯಿತು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೇಗೋ ಇದೂ ಹಾಗೆಯೇ: ಇಟ್ಟಿಗೆಯಿಂದ ಆರಿಹೋಗುವ ನೀರು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಕಡುಬೇಸಗೆಯಲ್ಲಿ ಹೊರಗಿಗಿಂತ ಒಳಗೆ 10ರಿಂದ 15 ಡಿಗ್ರಿ ಕಡಿಮೆ ಇರುತ್ತದೆ, ಗಾಳಿಯ ತೇವಾಂಶ ನೂರಕ್ಕೆ ತೊಂಬತ್ತರ ಹತ್ತಿರ ಇರುತ್ತದೆ. ಸೊಪ್ಪಿಗೆ ಬೇಕಾದದ್ದು ಇವೆರಡೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ಒಣಗಾಳಿಯ ಊರಿನ ವಿದ್ಯೆ. ಕಲಬುರಗಿ, ರಾಯಚೂರು, ವಿಜಯಪುರದ ಏಪ್ರಿಲ್‌ನಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಮಂಗಳೂರಿನಲ್ಲೋ ಆಗುಂಬೆಯ ಮಳೆಗಾಲದಲ್ಲೋ ಗಾಳಿಯೇ ನೀರು ಕುಡಿದು ಕೂತಿರುವಾಗ ಇಟ್ಟಿಗೆಯ ನೀರು ಆರುವುದಿಲ್ಲ, ತಂಪೂ ಹುಟ್ಟುವುದಿಲ್ಲ. ಅಲ್ಲಿ ಕಟ್ಟಿ ಕೈಸುಟ್ಟುಕೊಳ್ಳಬೇಡಿ.

ಈಗ ಅಡುಗೆಮನೆಗೆ ಬರೋಣ. ಕೊತ್ತಂಬರಿ ತಂದ ಕೂಡಲೇ ಕಟ್ಟು ಬಿಚ್ಚಿ. ರಬ್ಬರ್ ಬ್ಯಾಂಡ್ ಬಿಗಿದ ಜಾಗದಲ್ಲೇ ಕೊಳೆ ಶುರುವಾಗುವುದು. ಹಳದಿ ಎಲೆ, ಮುರಿದ ಕಡ್ಡಿ ಆರಿಸಿ ತೆಗೆಯಿರಿ. ಒಂದು ಕೊಳೆತ ಕಡ್ಡಿ ಇಡೀ ಸಿವುಡನ್ನು ಕೆಡಿಸುತ್ತದೆ. ತೊಳೆಯಬೇಡಿ, ತೊಳೆಯುವುದು ಬಳಸುವ ಹೊತ್ತಿಗೆ. ಒದ್ದೆಯಿದ್ದರೆ ಬಟ್ಟೆಯ ಮೇಲೆ ಹರಡಿ ಫ್ಯಾನ್ ಗಾಳಿಯಲ್ಲಿ ಹನಿ ಆರುವಷ್ಟು ಹೊತ್ತು ಮಾತ್ರ ಬಿಡಿ, ಬಾಡುವಷ್ಟು ಬೇಡ. ಮಣ್ಣು ಹತ್ತಿದ ಬೇರು ಕತ್ತರಿಸಿ, ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಬಟ್ಟೆ ಒದ್ದೆಯಾದರೆ ಬದಲಿಸಿ. ಫ್ರಿಜ್ಜಿನ ಬಾಗಿಲಿನಲ್ಲಿ ಬೇಡ, ಪ್ರತಿ ಸಲ ತೆಗೆದಾಗ ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ಫ್ರಿಜ್ಜು ಇಲ್ಲದವರು ಬೇರು ಉಳಿಸಿಕೊಂಡು, ಲೋಟದ ನೀರಿನಲ್ಲಿ ಬೇರು ಮಾತ್ರ ಮುಳುಗುವಂತೆ ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಎಲೆಗೆ ತಾಗದಂತೆ ಮರೆ ಕಟ್ಟಿ. ನಮ್ಮ ಅಜ್ಜಿ ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ ಹೀಗೆಯೇ ಇಡುತ್ತಿದ್ದರು, ಪ್ರತಿದಿನ ನೀರು ಬದಲಿಸುತ್ತಿದ್ದರು.

ಇನ್ನೊಂದು, ಸೊಪ್ಪಿನ ಪಕ್ಕ ಬಾಳೆಹಣ್ಣು, ಮಾವು, ಸೇಬು, ಟೊಮೆಟೊ ಇಡಬೇಡಿ. ಹಣ್ಣಾಗುವ ಹಣ್ಣು ಎಥಿಲಿನ್ ಎಂಬ ಅನಿಲ ಬಿಡುತ್ತದೆ. ಹಣ್ಣನ್ನು ಹಣ್ಣಾಗಿಸುವ ಅದೇ ಅನಿಲ ಎಲೆಯನ್ನು ಹಳದಿ ಮಾಡುತ್ತದೆ. ಪುದೀನಕ್ಕೆ ಇದು ಬಹಳ ಬೇಗ ತಾಗುತ್ತದೆ. ಕರಿಬೇವಿನ ಎಲೆಗಳು ಕಡ್ಡಿಯಿಂದ ತಾವಾಗಿ ಉದುರಿ ಚೀಲದ ತಳ ಸೇರುವುದಕ್ಕೂ ಇದು ಒಂದು ಕಾರಣ.

ಎಲ್ಲ ಸೊಪ್ಪಿಗೂ ಫ್ರಿಜ್ಜೇ ಮದ್ದು ಎಂದು ತಿಳಿಯಬೇಡಿ. ಈಗ ಪಟ್ಟಣಗಳ ಹತ್ತಿರ ಕೆಲವರು ಬೇಸಿಲ್ ಬೆಳೆಯುತ್ತಿದ್ದೀರಿ. ಅದು ಬೆಚ್ಚನೆಯ ನಾಡಿನದು, 10 ಡಿಗ್ರಿಗಿಂತ ಕೆಳಗೆ ಇಳಿದರೆ ಎಲೆಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಅದನ್ನು 12 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು. ಮನೆಯಲ್ಲಾದರೆ ಲೋಟದ ನೀರಿನಲ್ಲಿ, ಕಟ್ಟೆಯ ಮೇಲೆ. ದೊಡ್ಡಪತ್ರೆಯನ್ನೂ ನಾನು ಫ್ರಿಜ್ಜಿಗೆ ಇಡುವುದಿಲ್ಲ. ಕುಂಡದಲ್ಲಿ ಒಂದು ಕಡ್ಡಿ ಚುಚ್ಚಿದರೆ ಬರುವ ಗಿಡ ಅದು, ತಂಬುಳಿಗೆ ಬೇಕಾದಾಗ ನಾಲ್ಕು ಎಲೆ ಕಿತ್ತುಕೊಂಡರಾಯಿತು.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿದೆ.

ಒಬ್ಬ ತಾಯಿ, ‘ನಾವು ಮೊದಲಿನಿಂದಲೂ ಪೇಪರಿನಲ್ಲಿ ಸುತ್ತಿ ಇಡುತ್ತೇವೆ, ಚೆನ್ನಾಗಿಯೇ ಇರುತ್ತದಲ್ಲ?’ ಎಂದರು. ಚೆನ್ನಾಗಿರುತ್ತದೆ ನಿಜ, ಏಕೆಂದರೆ ಕಾಗದ ಹನಿಯನ್ನು ಹೀರುತ್ತದೆ. ತೊಂದರೆ ಇರುವುದು ಮುದ್ರಣದ ಶಾಯಿಯಲ್ಲಿ. ಸುದ್ದಿಪತ್ರಿಕೆಯಲ್ಲಿ ಆಹಾರ ಸುತ್ತಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲೇ ಸೂಚನೆ ಹೊರಡಿಸಿದೆ. ಒದ್ದೆ ಸೊಪ್ಪಿಗೆ ಶಾಯಿ ಸುಲಭವಾಗಿ ಅಂಟುತ್ತದೆ. ಅದೇ ಕೆಲಸವನ್ನು ಹತ್ತಿ ಬಟ್ಟೆ ಮಾಡುತ್ತದೆ, ಒಗೆದು ಮತ್ತೆ ಬಳಸಲೂ ಬರುತ್ತದೆ.

ಸೊಪ್ಪು ಅಗ್ಗವಾದಾಗ ಹೆಚ್ಚು ಕೊಂಡು ಇಟ್ಟುಕೊಳ್ಳುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಕೊತ್ತಂಬರಿ, ಪುದೀನವನ್ನು ಒಣಗಿಸಿ ಇಡುವುದನ್ನು ನಾನು ಹೇಳುವುದಿಲ್ಲ. ಪುದೀನದ್ದು ಸ್ವಲ್ಪವಾದರೂ ಉಳಿಯುತ್ತದೆ, ಕೊತ್ತಂಬರಿ ಒಣಗಿದರೆ ಒಣಹುಲ್ಲೇ ಸೈ. ಸಣ್ಣಗೆ ಹೆಚ್ಚಿ, ಐಸ್ ಟ್ರೇಯಲ್ಲಿ ಒಂದೊಂದು ಚಮಚ ತುಂಬಿ, ಸ್ವಲ್ಪ ನೀರು ಹಾಕಿ ಹೆಪ್ಪುಗಟ್ಟಿಸಿ. ಕರಗಿದ ಮೇಲೆ ಎಲೆ ಮೆತ್ತಗಾಗಿರುತ್ತದೆ, ಏಕೆಂದರೆ ಒಳಗಿನ ಮಂಜು ಜೀವಕೋಶಗಳನ್ನು ಒಡೆದಿರುತ್ತದೆ. ಕೋಸಂಬರಿಗೆ ಒದಗುವುದಿಲ್ಲ, ಚಟ್ನಿಗೆ, ಸಾರಿಗೆ ಚೆನ್ನಾಗಿ ಒದಗುತ್ತದೆ. ಹಸಿ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದನ್ನು ಮಾತ್ರ ಮಾಡಬೇಡಿ. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟುಲಿಸಂ ಎಂಬ ಕಾಯಿಲೆ ತರುವ ಪ್ರಾಣಾಂತಿಕ ವಿಷ ಹುಟ್ಟಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಕೊನೆಗೆ, ಗೋಡೆಗೆ ಒರಗಿ ನಿಂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ‘ಮಗಳು ಅಮೆರಿಕದಲ್ಲಿದ್ದಾಳೆ. ಮುಂದಿನ ತಿಂಗಳು ಹೋಗುತ್ತಿದ್ದೇವೆ. ನಮ್ಮ ಹಿತ್ತಲಿನ ಕರಿಬೇವು ಒಯ್ಯಬೇಕು, ಕೆಡದಂತೆ ಹೇಗೆ ಕಟ್ಟಲಿ?’

ಒಯ್ಯುವ ಹಾಗಿಲ್ಲ ಎಂದು ಹೇಳುವಾಗ ನನಗೂ ಬೇಸರವಾಯಿತು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ ಗಿಡ. ಆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲಿಡ್ ಎಂಬ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕಾಗಿ ಪ್ರಯಾಣಿಕರು ಹಸಿ ಕರಿಬೇವು ತರುವುದನ್ನು ಅವರು ತಡೆಯುತ್ತಾರೆ, ತಡೆಯುವುದರಲ್ಲಿ ನ್ಯಾಯವೂ ಇದೆ. ಅಲ್ಲಿಯೇ ಬೆಳೆದದ್ದು ಭಾರತೀಯರ ಅಂಗಡಿಗಳಲ್ಲಿ ಸಿಗುತ್ತದೆ. ಸಿಕ್ಕಾಗ ಮಗಳು ಸ್ವಲ್ಪ ಹೆಚ್ಚೇ ಕೊಳ್ಳಲಿ. ತೊಳೆದು, ಬಟ್ಟೆಯಲ್ಲಿ ಒತ್ತಿ ಹನಿಯಿಲ್ಲದಂತೆ ಒರೆಸಿ, ಕಡ್ಡಿಯಿಂದ ಬಿಡಿಸದೆ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಫ್ರೀಜರಿನಲ್ಲಿ ಇಡಲಿ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಹೆದರುವುದು ಬೇಡ. ತಗ್ಗಿದ ಶಾಖದಲ್ಲಿ ಘಮ ಎಲೆಯ ಗ್ರಂಥಿಗಳಲ್ಲೇ ಉಳಿದಿರುತ್ತದೆ. ಬಳಸುವಾಗ ಹೊರಗಿಟ್ಟು ಕರಗಿಸಬಾರದು, ಕರಗಿದರೆ ಎಲೆ ಮೆತ್ತಗಾಗಿ ನೀರು ಬಿಡುತ್ತದೆ. ಸಾಸಿವೆ ಸಿಡಿದ ಮೇಲೆ ಫ್ರೀಜರಿನಿಂದ ತೆಗೆದದ್ದನ್ನು ತೆಗೆದ ಹಾಗೆಯೇ ಎಣ್ಣೆಗೆ ಹಾಕಲಿ, ಇನ್ನೊಂದು ಕೈಯಲ್ಲಿ ಮುಚ್ಚಳ ಹಿಡಿದಿರಲಿ. ಜೋರಾಗಿ ಸಿಡಿಯುತ್ತದೆ.